ಓದಿನ ವಾರ, ಕಸುಬಿನ ವಾರ

ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯಲು ಹೊಸದಾಗಿ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗೆ ಇಂದು ಎರಡು ಭಯಗಳುಂಟು. ಇಂಟರ್ನ್‌ಶಿಪ್ ಎಂಬ ಕೆಲಸದ ತರಬೇತಿಯನ್ನು ಬಿಟ್ಟರೆ ಉದ್ಯೋಗ ದೊರೆಯದೆಂಬುದು ಒಂದು. ಪಾಠವನ್ನು ಬಿಟ್ಟರೆ ಪದವಿಯೇ ಕೈತಪ್ಪೀತೆಂಬುದು ಇನ್ನೊಂದು. ಇವೆರಡನ್ನೂ ಸರಿದೂಗಿಸುವುದು ಹೇಗೆ? ಮೊದಲು ಎರಡಕ್ಕೂ ಇರುವ ಸಂಬಂಧವನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಬೇಕೆನ್ನಿ. ನಡುವಣ ಹೆಸರನ್ನು ನೋಡಿ, ಬೇಡವಾದ ಅರ್ಧವನ್ನು ಬಿಟ್ಟು, ಉಳಿದುದನ್ನು ಮತ್ತೆ ಇಬ್ಭಾಗಿಸುತ್ತ ಹೋಗಬೇಕು. ೨೦ ಎರಡುಗಳ ಗುಣಲಬ್ಧ ೧೦,೪೮,೫೭೬ ಆದುದರಿಂದ ಹೆಚ್ಚೆಂದರೆ ೨೦ ಸಲ ನೋಡಿದರೆ ಸಾಕು. ಇದು ತರಗತಿಯ ಪಾಠ.

ನಡುವಣ ಸ್ಥಾನವನ್ನು ತಿಳಿಯಲು ಮೊದಲ ಮತ್ತು ಕೊನೆಯ ಸ್ಥಾನಸಂಖ್ಯೆಗಳನ್ನು ಕೂಡಿಸಿ ಅರ್ಧಮಾಡುತ್ತೇವೆ. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಂತ್ರದಲ್ಲಿ ೩೨ ಬಿಟ್‌ಗಳ ಪೂರ್ಣಾಂಕವು ೨೧೪,೭೪,೮೩,೬೪೭ನ್ನು ಮೀರಲಾರದು. ಮೊತ್ತವು ಅದನ್ನು ದಾಟಿದರೆ ಋಣಸಂಖ್ಯೆಯಾಗಿಬಿಡುತ್ತದೆ. ಜಾವಾ ಭಾಷೆಯೊಡನೆ ದೊರೆಯುವ ಸಿದ್ಧ ಪ್ರೋಗ್ರಾಮಿನಲ್ಲಿಯೇ ಈ ದೋಷವು ವರ್ಷಗಟ್ಟಲೆ ಅಡಗಿತ್ತು. ಅದನ್ನು ಬರೆದ ಜೋಷುವಾ ಬ್ಲಾಕ್ ಅವರೇ ೨೦೦೬ರಲ್ಲಿ ವಿಷಯವನ್ನು ಲೋಕಕ್ಕೆ ತಿಳಿಸಿದರು. ಪಟ್ಟಿಯು ಬಹು ದೊಡ್ಡದಾದಾಗಲೇ ದೋಷವು ಹೊರಬೀಳುತ್ತದೆ. ಎರಡು ಸ್ಥಾನಗಳ ವ್ಯತ್ಯಾಸದ ಅರ್ಧವನ್ನು ಮೊದಲನೆಯದಕ್ಕೆ ಕೂಡಿಸುವುದೇ ಪರಿಹಾರ. ಕೆಲಸವು ದೋಷವನ್ನು ತೋರಿಸುತ್ತದೆ. ಓದು ಅದರ ಕಾರಣವನ್ನು ತಿಳಿಸುತ್ತದೆ.

ಹಾಗಾದರೆ ಎರಡನ್ನೂ ಒಟ್ಟಿಗೆ ಮಾಡಬಾರದೆ? ಲೆಕ್ಕ ಹಾಕೋಣ. ವಾರಕ್ಕೆ ೧೬೮ ಗಂಟೆಗಳು. ನಿದ್ರೆಗೆ ೫೬, ತರಗತಿಗೂ ಪ್ರಯೋಗಶಾಲೆಗೂ ೩೫, ಮನೆಯ ಅಭ್ಯಾಸಕ್ಕೆ ೨೦, ಊಟ ಸ್ನಾನ ಪ್ರಯಾಣಗಳಿಗೆ ೨೮ ಎಂದಿಟ್ಟುಕೊಂಡರೆ ಉಳಿಯುವುದು ೨೯. ಇದರಲ್ಲಿ ೪೦ ಗಂಟೆಗಳ ಕೆಲಸವು ಹಿಡಿಸದು. ಕೊರತೆಯ ೧೧ ಗಂಟೆಗಳನ್ನು ನಿದ್ರೆಯಿಂದಲೋ ಅಭ್ಯಾಸದಿಂದಲೋ ಕದಿಯಬೇಕು. ಇರುಳೆಲ್ಲ ದುಡಿದು ಹಗಲು ತರಗತಿಯಲ್ಲಿ ತೂಕಡಿಸುವ ಬುದ್ಧಿವಂತ ಹುಡುಗರನ್ನು ನಾವು ಕಂಡಿದ್ದೇವೆ.

ಈ ತೊಡಕಿಗೆ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಷ್ನೈಡರ್ ಎಂಬವರು ೧೯೦೬ರಲ್ಲಿಯೇ ಒಂದು ಉಪಾಯವನ್ನು ಹೂಡಿದರು. ೨೭ ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಾರ ತರಗತಿಯಲ್ಲಿಯೂ ಮರುವಾರ ಕಾರ್ಖಾನೆಯಲ್ಲಿಯೂ ಕಳೆಯುವಂತೆ ಏರ್ಪಾಡಾಯಿತು. ೧೯೫೭ರಲ್ಲಿ ಆರಂಭವಾದ ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಇಂದು ಈ ಸರದಿಯು ಸಾಮಾನ್ಯವಾಗಿ ನಾಲ್ಕು ತಿಂಗಳಿನದು. ತತ್ತ್ವವು ಒಂದೇ: ಬೆರೆಸದೆ ಸರದಿಯಾಗಿ ಮಾಡುವುದು.

ಇಂಥ ಏರ್ಪಾಡಿಲ್ಲದ ಕಾಲೇಜಿನ ವಿದ್ಯಾರ್ಥಿಯೂ ಇದನ್ನು ಅನುಸರಿಸಬಹುದು. ದತ್ತಾಂಶಗಳ ಜೋಡಣೆ, ಹುಡುಕುವ ವಿಧಾನಗಳು ಇವುಗಳ ಪಾಠ ಮುಗಿದಮೇಲೆ ಬೇಸಿಗೆಯ ರಜೆಯನ್ನು ಪೂರ್ತಿಯಾಗಿ ತರಬೇತಿಗೆ ಕೊಡಲಿ. ಪಾಠದ ಕಾಲದಲ್ಲಿ ಕೆಲಸ ಬೇಕೇ ಆದರೆ ವಾರಕ್ಕೆ ಹತ್ತು ಗಂಟೆಗಳೊಳಗೆ ಇರಲಿ. ಪರೀಕ್ಷೆಯ ದಿನಗಳನ್ನು ಕಂಪನಿಗೆ ಮೊದಲೇ ತಿಳಿಸಲಿ. ಕೆಲಸದಲ್ಲಿ ಅರ್ಥವಾಗದೆ ಉಳಿದುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ತರಗತಿಗೆ ತರಲಿ. ಅಂಥ ಪ್ರಶ್ನೆಯನ್ನು ಹೊತ್ತು ಬರುವ ವಿದ್ಯಾರ್ಥಿಗಾಗಿ ಅಧ್ಯಾಪಕರಾದ ನಾವು ಕಾದಿರುತ್ತೇವೆ.