ಹೊಳೆಯ ಭಯ, ಬರದ ಮರೆವು

ಜುಲೈ, ಆಗಸ್ಟ್ ತಿಂಗಳಲ್ಲಿ ಮಲೆನಾಡಿಗೆ ಮಳೆ ಹಿಡಿಯಿತೆಂದರೆ ಪಿ.ಜೆ. ಬಡಾವಣೆಯಲ್ಲಿ ಸಿಕ್ಕುವ ಬೆಳೆಗಾರರೆಲ್ಲ ಕೇಳುವುದು ಒಂದೇ ಮಾತು: "ಹರಿಹರದಲ್ಲಿ ಹೊಳೆ ಎಷ್ಟು ಬಂದಿದೆ?" ಕೇಳುವುದು ಸಹಜವೇ. ಕೂಡಲಿಯಲ್ಲಿ ಒಂದಾದ ತುಂಗೆ, ಭದ್ರೆ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತವೆ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿ.ಎಂ.ಸಿ. ಹಿಡಿಯುವ ಅಣೆಕಟ್ಟುಂಟು, ತುಂಗೆಗೆ ಗಾಜನೂರಿನಲ್ಲಿರುವುದು ಮೂರು ಟಿ.ಎಂ.ಸಿ. ಚಿಲ್ಲರೆಯದು. ಶೃಂಗೇರಿ, ತೀರ್ಥಹಳ್ಳಿಯ ಮಳೆ ಬಹುಪಾಲು ತಡೆಯಿಲ್ಲದೆ ಇಳಿದು ತಗ್ಗಿನ ಮನೆಗಳಿಗೂ ಗದ್ದೆಗಳಿಗೂ ನುಗ್ಗುತ್ತದೆ.

ಆದರೆ ಹೊಳೆ ಬಂದು ಹೋಗುವುದು ನಾಲ್ಕಾರು ದಿನ. ನಮ್ಮ ಸೀಮೆಯನ್ನು ನಿಜವಾಗಿ ತಿಂದದ್ದು ಬರ. ಅದರ ಮಾತನ್ನು ಮಳೆ ಬಿದ್ದ ಮರುದಿನವೇ ಮರೆಯುತ್ತೇವೆ.

1876-78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಬಂದ ಬರವನ್ನು ಹಿರಿಯರು ಧಾತು ಬರವೆಂದೇ ಕರೆಯುತ್ತಿದ್ದರು. 1871ರ ಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತು. ಆಗ ರೈಲು ಬೆಂಗಳೂರಿನವರೆಗೆ ಮಾತ್ರ. ಅಲ್ಲಿಂದ ಈಚೆಗೆ ಧಾನ್ಯ ತರಲು ಬಂಡಿ ಬೇಕು, ಬಂಡಿ ಎಳೆಯುವ ಎತ್ತಿಗೆ ಮೇವಿಲ್ಲ. ಹರಿಹರಕ್ಕೆ ರೈಲು ಬಂದದ್ದು 1889ರಲ್ಲಿ.

ಈಗ ಧಾನ್ಯಕ್ಕೆ ಕೊರತೆಯಿಲ್ಲ, ಕೊರತೆ ನೀರಿಗೆ. ರಾಗಿ, ಜೋಳದ ಹೊಲವಾದರೆ ಒಂದು ವರ್ಷ ಬೀಳು ಬಿಟ್ಟು ಮುಂದಿನ ವರ್ಷ ಬಿತ್ತಬಹುದು. ಕಾಫಿ ಗಿಡ ಸೊರಗಿದರೂ ಬುಡದಿಂದ ಮೇಲೆ ಕತ್ತರಿಸಿ ಚಿಗುರಿಸಬಹುದು. ಅಡಿಕೆಗೆ ಇರುವುದು ಒಂದೇ ಸುಳಿ. ಅದು ಒಣಗಿದರೆ ಮರ ಮುಗಿಯಿತು. ಬೇರೂ ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಆಳದ ತೇವ ಅದಕ್ಕೆ ದಕ್ಕದು. ಹೊಸ ಸಸಿ ಇಟ್ಟರೆ ಫಸಲಿಗೆ ಮತ್ತೆ ಐದಾರು ವರ್ಷ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 2016-17ರ ಬರದಲ್ಲಿ ನಮ್ಮ ತೋಟದ ಕೊಳವೆಬಾವಿ ಬತ್ತಿತು. ಇನ್ನೆರಡು ಕೊರೆಸಿದೆವು, ಒಂದರಲ್ಲಿ ಬರೀ ಧೂಳು, ಇನ್ನೊಂದರಲ್ಲಿ ಒಂದೂವರೆ ಇಂಚು ನೀರು, ಅದೂ ಯುಗಾದಿಯವರೆಗೆ. ಆಮೇಲೆ ಟ್ಯಾಂಕರ್. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರವೊಂದಕ್ಕೆ ದಿನಕ್ಕೆ ಹದಿನಾರು ಲೀಟರಾದರೂ ಬೇಕು. ಎಕರೆಗೆ ಐನೂರು ಮರವೆಂದರೆ ಎಂಟು ಸಾವಿರ ಲೀಟರು, ಅಂದರೆ ನಾಲ್ಕು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆರಡು. ನಮ್ಮಿಂದ ಆಗಲಿಲ್ಲ. ತೋಟದ ಮೇಲಿನ ಭಾಗವನ್ನು ಕೈಬಿಟ್ಟು ಕೆಳಗಿನದನ್ನು ಉಳಿಸಿಕೊಂಡೆವು. ಯಾವ ಸಾಲು ಬಿಡುವುದೆಂದು ಮನೆಯಲ್ಲಿ ಮೂರು ದಿನ ಜಗಳ. ತಂದೆಯವರು ನೆಟ್ಟ ಸಾಲುಗಳವು.

2023ರಲ್ಲಿ ಭದ್ರಾ ಜಲಾಶಯ ತುಂಬಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಮತ್ತೆ ಟ್ಯಾಂಕರ್‌ಗಳು ಓಡಿದವು. ಆ ಬೇಸಿಗೆ ನಾವು ಪಾರಾದದ್ದು ತೋಟ ಚಿಕ್ಕದಾಗಿದ್ದುದರಿಂದ, ಸೋಗೆ ಮತ್ತು ಅಡಿಕೆ ಸಿಪ್ಪೆಯನ್ನು ಡಿಸೆಂಬರಿನಲ್ಲೇ ಬುಡಕ್ಕೆ ಹೊದಿಸಿದ್ದರಿಂದ. ಜಾಣತನಕ್ಕಿಂತ ಹೆದರಿಕೆಯೇ ಹೆಚ್ಚು ಕೆಲಸ ಮಾಡಿತೆನ್ನಬೇಕು.

ಆದರೂ ಗದ್ದೆ ತೆಗೆದು ಅಡಿಕೆ ಇಡಲು ಸಾಲ ಕೇಳುವ ಅರ್ಜಿಗಳು ಬರುತ್ತಲೇ ಇವೆ. ನಾಲೆಯ ಕೊನೆಯ ಭಾಗದವರೂ ಕೇಳುತ್ತಾರೆ. ಬೇಡವೆನ್ನಲು ನಾವು ಯಾರು? ಒಂದನ್ನು ಮಾತ್ರ ಕೇಳುತ್ತೇವೆ. ಆಗಸ್ಟಿನಲ್ಲಿ ಕೊಳವೆಬಾವಿ ಎಷ್ಟು ಇಂಚು ಕೊಡುತ್ತದೆಂದು ಎಲ್ಲರೂ ಬರೆಯುತ್ತಾರೆ. ಏಪ್ರಿಲ್ ಕೊನೆಯ ವಾರ ಇನ್ನೂರು ಲೀಟರಿನ ಡ್ರಮ್ಮೊಂದು ಎಷ್ಟು ಹೊತ್ತಿಗೆ ತುಂಬಿತೆಂಬುದನ್ನೂ ಅದರ ಪಕ್ಕದಲ್ಲಿ ಬರೆದು ತನ್ನಿ. ಗಡಿಯಾರ ಇಲ್ಲದವರಿಗೆ ಸಂಘದ ಗುಮಾಸ್ತರನ್ನು ಕಳುಹಿಸಿಕೊಡಲಾಗುವುದು.