ಒಂದೇ ಅಚ್ಚಿನ ನೌಕೆಗಳು, ಬೇರೆ ಬೇರೆ ಆಯುಷ್ಯ

1984ರಲ್ಲಿ ಬ್ರಿಟನ್ನಿನಿಂದ ‘ಎಲೈಟ್’ ಎಂಬ ಗಣಕ ಆಟವೊಂದು ಹೊರಬಂದಿತು. ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಈ ಆಟದಲ್ಲಿ ಆಡುವವನು ಒಂದು ವ್ಯೋಮನೌಕೆಯ ಒಡೆಯ. ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ಲಾಭ ಗಳಿಸುವುದು ಅವನ ಕಸುಬು. ಮೊದಲ ಆವೃತ್ತಿಯಲ್ಲಿ ನೌಕೆ ವಿಮಾನದಂತೆ ವರ್ತಿಸುತ್ತಿತ್ತು. ವೇಗ ತಗ್ಗಿಸಿದರೆ ವಿಧೇಯವಾಗಿ ನಿಧಾನವಾಗುತ್ತಿತ್ತು. 1993ರ ಆವೃತ್ತಿಯಲ್ಲಿ ನ್ಯೂಟನ್ನನ ನಿಯಮ ಜಾರಿಗೆ ಬಂದಿತು. ಯಂತ್ರವನ್ನು ಆರಿಸಿದರೂ ನೌಕೆ ನಿಲ್ಲದು, ನಿಲ್ಲಿಸಬೇಕಾದರೆ ಎದುರು ದಿಕ್ಕಿಗೆ ಅಷ್ಟೇ ಬಲ ಹಾಕಬೇಕು. 2014ರ ಆವೃತ್ತಿ ಮತ್ತೆ ವೇಗಕ್ಕೆ ಮಿತಿ ತಂದಿತು. ಯಾವ ಆವೃತ್ತಿಯ ನೌಕೆ ಮೇಲು ಎಂಬ ವಾದ ಹಳೆಯ ಆಟಗಾರರಲ್ಲಿ ಮುಗಿದಂತಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ಕುತೂಹಲ ಹುಟ್ಟಿಸಿದ್ದು ಬೇರೊಂದು ಸಂಗತಿ. ಅಲ್ಲಿ ಇಂಧನ ಮುಗಿದರೆ ಮುಂದಿನ ನಿಲ್ದಾಣದಲ್ಲಿ ಹಣ ಕೊಟ್ಟು ತುಂಬಿಸಿಕೊಳ್ಳಬಹುದು.

ಹಾಗೆ ತುಂಬಿಸಿಕೊಳ್ಳಲಾಗದ ನೌಕೆಗಳನ್ನು ನಾಲ್ಕು ದಶಕಗಳಿಂದ ನಡೆಸುತ್ತ ಬಂದಿರುವ ಸ್ಥಳ ನಮ್ಮ ಹಾಸನದಲ್ಲಿದೆ. ಸಾಲಗಾಮೆ ರಸ್ತೆಯಲ್ಲಿ ದೊಡ್ಡ ಆಂಟೆನಾಗಳನ್ನು ಹೊತ್ತು ನಿಂತಿರುವ ಇಸ್ರೊ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ, ಊರವರ ಬಾಯಲ್ಲಿ ಎಂ.ಸಿ.ಎಫ್., 1982ರಲ್ಲಿ ಆರಂಭವಾಯಿತು. ಭೋಪಾಲದಲ್ಲಿ ಎರಡನೆಯ ಕೇಂದ್ರ ಬಂದದ್ದು 2005ರಲ್ಲಿ. ರಾಕೆಟ್ಟಿನ ಹೊಗೆ, ಬೆಂಕಿ, ಚಪ್ಪಾಳೆಗಳೆಲ್ಲ ಶ್ರೀಹರಿಕೋಟಾದಲ್ಲೋ ದಕ್ಷಿಣ ಅಮೆರಿಕದ ಕೂರುವಿನಲ್ಲೋ ನಡೆದು ಮುಗಿಯುತ್ತವೆ. ಭೂಸ್ಥಿರ ಕಕ್ಷೆಗೆ ಹೊರಟ ನೌಕೆ ರಾಕೆಟ್ಟಿನಿಂದ ಬೇರ್ಪಟ್ಟ ಕ್ಷಣದಿಂದ ಅದರ ಹೊಣೆ ಹಾಸನದ್ದು. ಕಂದಾಯ ಇಲಾಖೆಯ ಕೆಲಸದ ಮೇಲೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಓಡಾಡಿದ ವರ್ಷಗಳಲ್ಲಿ, ಆ ಆವರಣದೊಳಗೆ ರಾಕೆಟ್ ಹಾರಿಸುತ್ತಾರೆಂದು ನಂಬಿದ್ದ ಹಲವರನ್ನು ಕಂಡಿದ್ದೇನೆ. ರಾಕೆಟ್ಟಿಗೆ ಸಿಕ್ಕ ಕೀರ್ತಿ ನೌಕೆಯ ದೈನಂದಿನ ಪಾಲನೆಗೆ ಎಂದೂ ಸಿಗಲಿಲ್ಲ.

ಇನ್ಸಾಟ್ ಮೊದಲ ಸರಣಿಯ ನಾಲ್ಕು ನೌಕೆಗಳ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. 1ಎ, 1ಬಿ, 1ಸಿ, 1ಡಿ: ನಾಲ್ಕನ್ನೂ ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪೆನಿ ಒಂದೇ ವಿನ್ಯಾಸದ ಮೇಲೆ ಕಟ್ಟಿಕೊಟ್ಟಿತು. ಪ್ರತಿಯೊಂದಕ್ಕೂ ನಿಗದಿಪಡಿಸಿದ ಆಯುಷ್ಯ ಏಳು ವರ್ಷ. ದೂರವಾಣಿ, ದೂರದರ್ಶನ, ಹವಾಮಾನ ವೀಕ್ಷಣೆ ಈ ಮೂರನ್ನೂ ಒಂದೇ ನೌಕೆಯ ಬೆನ್ನಿಗೆ ಹೇರಿದ್ದು ಆ ಕಾಲಕ್ಕೆ ಅಪರೂಪದ ಸಾಹಸ. ಈ ಸಾಹಸಕ್ಕೊಂದು ಬೆಲೆಯಿತ್ತು. ಹವಾಮಾನದ ಕ್ಯಾಮೆರಾ ತಂಪಾಗಿರಬೇಕಾದ್ದರಿಂದ ನೌಕೆಯ ಒಂದು ಪಕ್ಕದಲ್ಲಿ ಸೌರಫಲಕ ಇಡುವಂತಿರಲಿಲ್ಲ. ಫಲಕವೆಲ್ಲ ಒಂದೇ ಕಡೆಗಾದರೆ ಬಿಸಿಲಿನ ಒತ್ತಡಕ್ಕೆ ನೌಕೆ ಮೆಲ್ಲನೆ ತಿರುಗುತ್ತದೆ. ಬಿಸಿಲಿಗೂ ತಳ್ಳುವ ಶಕ್ತಿಯಿದೆ. ಭೂಮಿಯ ಮೇಲೆ ನಮಗದು ತಿಳಿಯುವುದಿಲ್ಲ, ಅಷ್ಟೆ. ಅದನ್ನು ಸರಿದೂಗಿಸಲು ಇನ್ನೊಂದು ಪಕ್ಕಕ್ಕೆ ಉದ್ದನೆಯ ಕೋಲಿನ ತುದಿಯಲ್ಲಿ ಹಾಯಿಯೊಂದನ್ನು ಇಟ್ಟಿದ್ದರು.

1982ರ ಏಪ್ರಿಲ್ 10ರಂದು ಮೇಲೇರಿದ 1ಎ ನೌಕೆಯಲ್ಲಿ ಈ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ತಕ್ಕಡಿಯ ಒಂದು ತಟ್ಟೆ ಖಾಲಿ ಉಳಿದಂತಾಗಿ, ನೌಕೆಯನ್ನು ನೇರವಾಗಿರಿಸಲು ಲೆಕ್ಕಕ್ಕಿಂತ ಹೆಚ್ಚು ಇಂಧನ ಸುಡಬೇಕಾಯಿತು. ಸೆಪ್ಟೆಂಬರಿನಲ್ಲಿ ಭೂಮಿಯನ್ನು ಗುರುತಿಸುವ ಸಂವೇದಕದ ನೋಟಕ್ಕೆ ಚಂದ್ರ ಅಡ್ಡಬಂದು ಗುರಿ ತಪ್ಪಿತು. ಉಳಿದಿದ್ದ ಇಂಧನವೂ ಬರಿದಾಯಿತು. ಏಳು ವರ್ಷ ಬಾಳಬೇಕಿದ್ದ ನೌಕೆ ಐದು ತಿಂಗಳಿಗೆ ಮುಗಿಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯ ಒಡಲಲ್ಲಿ ಹೋದ 1ಬಿಯ ಸೌರಫಲಕವೂ ಮೊದಲಿಗೆ ಹಟ ಹಿಡಿಯಿತು. ಎಂಜಿನಿಯರುಗಳು ದಿನಗಟ್ಟಲೆ ಆಜ್ಞೆಗಳನ್ನು ಕಳುಹಿಸಿ, ನೌಕೆಯನ್ನು ಅತ್ತಿತ್ತ ಹೊರಳಿಸಿ, ಕೊನೆಗೆ ಅದನ್ನು ಬಿಡಿಸಿದರು. ಭಾನುವಾರದ ಬೆಳಿಗ್ಗೆ ‘ರಾಮಾಯಣ’ ನೋಡಲು ಮನೆ ಮನೆ ಹುಡುಕಿಕೊಂಡು ಹೋದ ತಲೆಮಾರಿಗೆ ಆ ಚಿತ್ರವನ್ನು ದೇಶದುದ್ದಕ್ಕೂ ಹಂಚಿದ್ದು ಈ 1ಬಿ. 1988ರ ಜುಲೈನಲ್ಲಿ ಹೋದ 1ಸಿಯಲ್ಲಿ ವಿದ್ಯುತ್ತಿನ ಎರಡು ಸಾಲುಗಳ ಪೈಕಿ ಒಂದು ಕೆಟ್ಟಿತು. ಅರ್ಧ ಶಕ್ತಿಯಲ್ಲಿ ಕುಂಟುತ್ತಿದ್ದ ಅದು 1989ರ ನವೆಂಬರಿನಲ್ಲಿ ಕೈಬಿಟ್ಟುಹೋಯಿತು.

ಇನ್ನು 1ಡಿ. 1989ರಲ್ಲಿ ಉಡಾವಣೆಗೆ ಸಿದ್ಧವಾಗಿ ನಿಂತಿದ್ದ ಅದರ ಮೇಲೆ ಎತ್ತುಯಂತ್ರದ ಕೊಕ್ಕೆ ಬಿದ್ದು ಆಂಟೆನಾ ಜಖಂ ಆಯಿತು. ದುರಸ್ತಿಗೆ ಹಿಂದಿರುಗಿದ್ದಾಗ ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಮತ್ತಷ್ಟು ಪೆಟ್ಟು ತಿಂದಿತು. ಇಂಥ ನತದೃಷ್ಟ ನೌಕೆ 1990ರ ಜೂನ್ 12ರಂದು ಮೇಲೇರಿ 2002ರ ಮೇ ತಿಂಗಳವರೆಗೆ, ಸುಮಾರು ಹನ್ನೆರಡು ವರ್ಷ ದುಡಿಯಿತು.

ಸರಳ ಲೆಕ್ಕ ಹಾಕೋಣ. ನಾಲ್ಕು ನೌಕೆ, ತಲಾ ಏಳು ವರ್ಷ. ನಾವು ಕೊಂಡದ್ದು 28 ನೌಕಾವರ್ಷಗಳ ಸೇವೆ. 1ಬಿಗೆ ನಿಗದಿಯಾದ ಏಳು ವರ್ಷಗಳನ್ನಷ್ಟೇ ಎಣಿಸಿದರೆ ದಕ್ಕಿದ್ದು ಸುಮಾರು 21, ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಒಂದೇ ನೌಕೆಯದು. ಆವೃತ್ತಿ ಒಂದೇ, ವಿನ್ಯಾಸ ಒಂದೇ, ಫಲಿತ ಮಾತ್ರ ಐದು ತಿಂಗಳಿನಿಂದ ಹನ್ನೆರಡು ವರ್ಷದವರೆಗೆ ಹರಡಿಕೊಂಡಿದೆ. ಕಾಗದದ ಮೇಲಿನ ಗುಣವಿಶೇಷಗಳನ್ನು ಹೋಲಿಸಿ ನೌಕೆಗಳಿಗೆ ಅಂಕ ಕೊಡುವವರು ಈ ಸರಣಿಯನ್ನು ಅಗತ್ಯವಾಗಿ ನೋಡಬೇಕು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. 1990ರ ಮೇ ತಿಂಗಳಲ್ಲಿ ಆಂಧ್ರದ ಕರಾವಳಿಗೆ ಭಾರೀ ಚಂಡಮಾರುತ ಅಪ್ಪಳಿಸಿದಾಗ 1ಎ ಮತ್ತು 1ಸಿ ಎರಡೂ ನಿರ್ಜೀವವಾಗಿದ್ದವು. 1ಡಿ ಹಾರಲು ಇನ್ನೂ ಒಂದು ತಿಂಗಳಿತ್ತು. ಮೇಲಿದ್ದ ಏಕೈಕ ಇನ್ಸಾಟ್ ಎಂದರೆ ಏಳನೆಯ ವರ್ಷದಲ್ಲಿದ್ದ, ಆಯುಷ್ಯ ತೀರುತ್ತ ಬಂದಿದ್ದ 1ಬಿ. 1977ರಲ್ಲಿ ಅದೇ ಕರಾವಳಿಯ ದಿವಿಸೀಮೆಯ ಚಂಡಮಾರುತ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 1990ರಲ್ಲಿ ಸತ್ತವರ ಸಂಖ್ಯೆ ಸುಮಾರು ಒಂದು ಸಾವಿರ. ಶ್ರೇಯಸ್ಸೆಲ್ಲ ಉಪಗ್ರಹದ್ದೇ ಅಲ್ಲ; ಕರಾವಳಿಯ ರಾಡಾರ್, ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಎಬ್ಬಿಸಿದ ನೌಕರರು, ಇವರ ಪಾಲೂ ದೊಡ್ಡದು. ಆದರೆ ಮೋಡದ ಚಿತ್ರವನ್ನು ಸಮುದ್ರದ ಮೇಲಿನಿಂದ ತೆಗೆದುಕೊಟ್ಟ ಕಣ್ಣು ಆಗ ನಮಗಿದ್ದುದು ಒಂದೇ.

ನೌಕೆಯ ಆಯುಷ್ಯವನ್ನು ಕೊನೆಯಲ್ಲಿ ಅಳೆಯುವುದು ಟ್ಯಾಂಕಿನಲ್ಲಿ ಉಳಿದ ಇಂಧನದಿಂದ. ಭೂಸ್ಥಿರ ನೌಕೆ ಹೆಸರಿಗೆ ಮಾತ್ರ ಸ್ಥಿರ. ಸೂರ್ಯ, ಚಂದ್ರರ ಸೆಳೆತಕ್ಕೆ ಅದರ ಕಕ್ಷೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ವಾಲುತ್ತದೆ. ಅದನ್ನು ತಿದ್ದುವುದಕ್ಕೇ ಇಂಧನದ ಬಹುಪಾಲು ಖರ್ಚು. ಪೂರ್ವ ಪಶ್ಚಿಮದ ಜಾರುವಿಕೆ ಬೇರೆ. ಭೂಮಿ ಪೂರ್ಣ ಗುಂಡಗಿಲ್ಲದ ಕಾರಣ ಭೂಸ್ಥಿರ ಕಕ್ಷೆಯಲ್ಲಿ ಎರಡು ತಗ್ಗುಗಳಿವೆ, ಯಾರೂ ತಡೆಯದ ನೌಕೆ ಅವುಗಳತ್ತ ಜಾರುತ್ತದೆ. ಅವುಗಳಲ್ಲಿ ಒಂದು ಇರುವುದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ; ಹಾಸನದ ರೇಖಾಂಶ 76. ದಿಕ್ಕು ತಪ್ಪಿದ ನೌಕೆಗಳು ಹಾಸನದ ನೆತ್ತಿಯ ನೇರಕ್ಕೇ ಬಂದು ಸುತ್ತಾಡುತ್ತವೆಂದರೆ ತೀರ ಅತಿಶಯೋಕ್ತಿಯಲ್ಲ! ಇಂಧನ ಕಡಿಮೆಯಾದಾಗ ವಾಲುವಿಕೆಯನ್ನು ತಿದ್ದುವುದನ್ನು ನಿಲ್ಲಿಸಿ ಆಯುಷ್ಯವನ್ನು ಹಿಗ್ಗಿಸಬಹುದು. ಆದರೆ ಕಡೆಯ ಒಂದಿಷ್ಟನ್ನು ಕಾದಿಡಲೇಬೇಕು. ಸೇವೆ ಮುಗಿಸಿದ ನೌಕೆಯನ್ನು ಇನ್ನೂರು ಮುನ್ನೂರು ಕಿ.ಮೀ. ಮೇಲಕ್ಕೆ ತಳ್ಳಿ ದಾರಿ ಬಿಡಿಸುವುದು ಹಿಂದೆ ಬರುವವರಿಗೆ ತೋರುವ ಮರ್ಯಾದೆ.

1992ರ ಜುಲೈ 10ರಂದು ಮೇಲೇರಿದ ಇನ್ಸಾಟ್-2ಎಯಿಂದ ನೌಕೆಗಳು ಬೆಂಗಳೂರಿನಲ್ಲಿ ನಮ್ಮವರ ಕೈಯಲ್ಲೇ ತಯಾರಾದವು. ಸುಧಾರಣೆ ನಿಜವಾದದ್ದು. ಮೊದಲ ಸರಣಿಯ ಕ್ಯಾಮೆರಾ 2.75 ಕಿ.ಮೀ. ಅಗಲದ ವಿವರ ಕಂಡರೆ ಎರಡನೆಯದು 2 ಕಿ.ಮೀ. ಕಂಡಿತು, 2013ರ ಇನ್ಸಾಟ್-3ಡಿ 1 ಕಿ.ಮೀ.ಗೆ ಇಳಿಯಿತು. ಹೇಮಾವತಿಯ ಗೊರೂರು ಅಣೆಕಟ್ಟೆಗೆ ಘಟ್ಟದಿಂದ ನೀರು ಬರುವ ಮುನ್ಸೂಚನೆಗೆ, ಅರಕಲಗೂಡಿನ ಆಲೂಗಡ್ಡೆ ಬೆಳೆಗಾರ ಅಂಗಮಾರಿಗೆ ಔಷಧಿ ಹೊಡೆಯುವ ದಿನ ಗೊತ್ತುಮಾಡುವುದಕ್ಕೆ ಈ ವಿವರ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಿಲ್ಲ. ಮೋಡ ಕವಿದ ತೇವದ ದಿನಗಳು ಸತತವಾಗಿ ಬಂದರೆ ವಾರದೊಳಗೆ ಹೊಲ ಕಪ್ಪಾಗುತ್ತದೆ.

ಆದರೂ ಅದೃಷ್ಟದ ಏರಿಳಿತ ತಪ್ಪಲಿಲ್ಲ. 1997ರ ಜೂನಿನಲ್ಲಿ ಹೋದ 2ಡಿ ಅಕ್ಟೋಬರ್ 4ರಂದು ವಿದ್ಯುತ್ ದೋಷಕ್ಕೆ ಬಲಿಯಾಯಿತು. ಆ ಕೊರತೆ ತುಂಬಲು ಅರಬ್ ದೇಶಗಳ ಒಕ್ಕೂಟ ಬಳಸುತ್ತಿದ್ದ ಹಳೆಯ ಉಪಗ್ರಹವೊಂದನ್ನು ಆಕಾಶದಲ್ಲಿದ್ದ ಹಾಗೆಯೇ ಖರೀದಿಸಬೇಕಾಯಿತು. 2005ರ 4ಎ ಮತ್ತು 2007ರ 4ಬಿ ಮತ್ತೆ ಒಂದೇ ಅಚ್ಚಿನವು. 2010ರ ಜುಲೈನಲ್ಲಿ 4ಬಿ ಅರ್ಧದಷ್ಟು ಶಕ್ತಿ ಕಳೆದುಕೊಂಡಾಗ ಮನೆಗಳ ಮೇಲಿನ ಸಾವಿರಾರು ಡಿಶ್‌ಗಳು ಏಕಾಏಕಿ ಕುರುಡಾದವು. 2018ರ ಮಾರ್ಚ್ 29ರಂದು ಹೋದ ಜಿಸ್ಯಾಟ್-6ಎ ಎರಡೇ ಬಾರಿ ಕಕ್ಷೆ ಏರಿಸಿಕೊಂಡು ಮಾತು ನಿಲ್ಲಿಸಿತು. ಅದೇ ಅಚ್ಚಿನ ಜಿಸ್ಯಾಟ್-6 2015ರಲ್ಲಿ ಸುಸೂತ್ರವಾಗಿ ಕಕ್ಷೆ ಸೇರಿತ್ತು.

ಇಂದಿನ ಚಿಂತೆ ನಾವಿಕ್ ಸರಣಿಯದು. ದಾರಿ ತೋರಿಸುವ ಈ ನೌಕೆಗಳಲ್ಲಿ ಪರಮಾಣು ಗಡಿಯಾರವೇ ಪ್ರಾಣ. 2013ರ ಮೊದಲ ನೌಕೆಯಲ್ಲಿದ್ದ ಆಮದು ಮಾಡಿದ ಮೂರೂ ಗಡಿಯಾರಗಳು ಕೆಟ್ಟವು. 2023ರ ಎನ್‌ವಿಎಸ್-01ರಲ್ಲಿ ಸ್ವದೇಶಿ ಗಡಿಯಾರ ಬಂದಿತು. 2025ರ ಜನವರಿ 29ರಂದು ಅದರ ತಮ್ಮ ಎನ್‌ವಿಎಸ್-02 ಸರಿಯಾಗಿಯೇ ಹಾರಿತು, ಆದರೆ ಎಂಜಿನ್ನಿಗೆ ಆಕ್ಸಿಡೈಸರ್ ಬಿಡಬೇಕಿದ್ದ ಕವಾಟ ತೆರೆಯಲಿಲ್ಲ. ಇಂಧನ ತುಂಬಿಕೊಂಡಿದ್ದೂ ಉರಿಸಲಾಗದೆ ನೌಕೆ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಸಿಕ್ಕಿಕೊಂಡಿತು.

ಸರ್ಕಾರಿ ನೌಕರನೊಬ್ಬನಿಗೆ ಸೇವಾ ಪುಸ್ತಕ ಇರುತ್ತದೆ. ಸೇರಿದ ದಿನ, ವರ್ಗಾವಣೆ, ರಜೆ, ದಂಡನೆ, ನಿವೃತ್ತಿ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಮೂವತ್ತಕ್ಕೂ ಹೆಚ್ಚು ವರ್ಷ ಅಂಥ ಪುಸ್ತಕಗಳಿಗೆ ಸಹಿ ಹಾಕಿದ ನನಗೆ, ನೂರಾರು ಕೋಟಿ ರೂಪಾಯಿಯ ನೌಕೆಗೂ ಸಾರ್ವಜನಿಕರು ಓದಬಹುದಾದ ಅಂಥದೊಂದು ಪುಸ್ತಕ ಇರಬೇಕೆನಿಸುತ್ತದೆ. ಉಡಾವಣೆಯ ದಿನ ನಮಗೆ ಪುಟಗಟ್ಟಲೆ ವಿವರ ಸಿಗುತ್ತದೆ, ನಿವೃತ್ತಿಯ ದಿನ ಒಂದು ಸಾಲು ಸಿಕ್ಕರೆ ಪುಣ್ಯ. ಎಷ್ಟು ವರ್ಷದ ವಾಗ್ದಾನ, ಎಷ್ಟು ದಕ್ಕಿತು, ಯಾವ ಭಾಗ ಕೈಕೊಟ್ಟಿತು, ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಮಾಡಿದ ಪರಿಹಾರವೇನು ಎಂಬ ನಾಲ್ಕು ಕಲಮುಗಳಿದ್ದರೆ ಸಾಕು. ರಕ್ಷಣೆಗೆ ಸಂಬಂಧಿಸಿದ ನೌಕೆಗಳನ್ನು ಬೇಕಾದರೆ ಹೊರಗಿಡಲಿ. ಹವಾಮಾನದ ನೌಕೆಗಳಲ್ಲಿ ಗುಟ್ಟೇನಿದೆ? 2013ರ 3ಡಿ, 2016ರ 3ಡಿಆರ್, 2024ರ ಫೆಬ್ರವರಿಯ 3ಡಿಎಸ್ ಒಂದೇ ಕುಟುಂಬದ ಮೂರು ನೌಕೆಗಳು. ಮೂರರ ಟ್ಯಾಂಕುಗಳಲ್ಲಿ ವರ್ಷ ವರ್ಷ ಉಳಿದ ಇಂಧನವೆಷ್ಟೆಂಬ ಅಂಕಿಗಳನ್ನು ಹಾಸನದಿಂದಲೇ ಪ್ರಕಟಿಸಿ, ಈ ಪುಸ್ತಕದ ಮೊದಲ ಪುಟವನ್ನು ತೆರೆಯಬಹುದು.