ದುಡಿಯುವ ಸ್ಥಳದಲ್ಲಿ ಗುಪ್ತ ಕ್ಯಾಮೆರಾ

ನಮ್ಮ ವಾಚಕ ಕುಟುಂಬಗಳಲ್ಲಿ ಅಂಗಡಿ, ಕಾರ್ಖಾನೆಗಳನ್ನು ನಡೆಸುವವರಿದ್ದಾರೆ. ಅನ್ಯರ ಮಳಿಗೆ, ಕಚೇರಿಗಳಲ್ಲಿ ದುಡಿಯುವ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇದ್ದಾರೆ. ಮಾಲೀಕನಾದವನು ತನ್ನ ನೌಕರರಿಗೆ ತಿಳಿಸದೆ ಅವರ ಮೇಲೆ ಕ್ಯಾಮೆರಾ ಇರಿಸಬಹುದೆ ಎಂಬ ಪ್ರಶ್ನೆಯು ಈ ಉಭಯರಿಗೂ ಸಂಬಂಧಿಸಿದ್ದಾಗಿದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದನ್ನು ಎರಡು ಬಾರಿ ವಿಚಾರಿಸಿ, ಎರಡು ಬಗೆಯ ಉತ್ತರ ನೀಡಿತು.

ಪ್ರಸಂಗವು ಸ್ಪೇನ್ ದೇಶದ್ದು. 2009ರಲ್ಲಿ ಅಲ್ಲಿನ ದೊಡ್ಡ ದಿನಸಿ ಮಳಿಗೆಯೊಂದರಲ್ಲಿ ದಾಸ್ತಾನಿಗೂ ಮಾರಾಟದ ಲೆಕ್ಕಕ್ಕೂ ತಾಳೆಯಾಗದಾಯಿತು. ಐದು ತಿಂಗಳ ನಷ್ಟವು 80,000 ಯೂರೋಗಳನ್ನು ಮೀರಿತು. ವ್ಯವಸ್ಥಾಪಕನು ಬಾಗಿಲುಗಳತ್ತ ಎಲ್ಲರಿಗೂ ಕಾಣುವಂತೆ ಕ್ಯಾಮೆರಾಗಳನ್ನು ಇರಿಸಿ ಆ ವಿಷಯವನ್ನು ನೌಕರರಿಗೆ ತಿಳಿಸಿದನು. ಹಣ ಪಡೆಯುವ ಕೌಂಟರುಗಳ ಮೇಲಿನವನ್ನು ಮಾತ್ರ ಗುಪ್ತವಾಗಿರಿಸಿದನು. ಹತ್ತು ದಿನಗಳ ಚಿತ್ರಗಳಲ್ಲಿ ಕಳವು ಕಂಡುಬಂದು 14 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಐವರು, ಮುಂಚಿತವಾಗಿ ತಿಳಿಸಬೇಕೆಂದು ಸ್ಪೇನಿನ ಕಾನೂನೇ ವಿಧಿಸಿರುವಾಗ ತಮ್ಮನ್ನು ಕದ್ದು ನೋಡಿದ್ದು ಸರಿಯೆ ಎಂದು ನ್ಯಾಯಾಲಯದ ಮೊರೆಹೊಕ್ಕರು. 2018ರ ಜನವರಿಯಲ್ಲಿ ಅವರೇ ಗೆದ್ದರು. ಆದರೆ ಹಿರಿಯ ಪೀಠವು 2019ರ ಅಕ್ಟೋಬರ್ 17ರಂದು 14 ಮತಗಳಿಂದ, 3ರ ವಿರುದ್ಧ, ಆ ತೀರ್ಪನ್ನು ಬದಲಿಸಿತು.

ಇದರಿಂದ ಮಾಲೀಕರಿಗೆ ಮುಕ್ತ ಪರವಾನಗಿ ದೊರೆಯಿತೆಂದು ಭಾವಿಸಲಾಗದು. ಗಣನೀಯ ನಷ್ಟವಿತ್ತು, ಹಲವರು ಕೂಡಿ ನಡೆಸಿದರೆಂಬ ಬಲವಾದ ಸಂಶಯವಿತ್ತು, ಕಾಲ ಹತ್ತೇ ದಿನ, ಸ್ಥಳ ಕೌಂಟರುಗಳಷ್ಟೆ, ಚಿತ್ರ ನೋಡಿದವರು ಕೆಲವರೇ. ಇವೆಲ್ಲ ಕೂಡಿಬಂದುದರಿಂದ ಪೀಠವು ಸಮ್ಮತಿಸಿತು. ಅಲ್ಪಸ್ವಲ್ಪ ಅನುಮಾನವು ಸಾಲದೆಂದೂ ಸ್ಪಷ್ಟಪಡಿಸಿತು. ಶೌಚಾಲಯ, ಉಡುಪು ಬದಲಾಯಿಸುವ ಕೋಣೆಗಳಲ್ಲಿ ಮನುಷ್ಯನ ಖಾಸಗಿತನಕ್ಕೆ ಅತ್ಯುಚ್ಚ ರಕ್ಷಣೆ. ಮುಚ್ಚಿದ ಕಚೇರಿಯಲ್ಲಿಯೂ ಅದು ಹೆಚ್ಚೇ. ಗಿರಾಕಿಗಳು ಓಡಾಡುವ ಕಟ್ಟೆಯ ಬಳಿ ಕಡಿಮೆ. ಆದರೂ ಭಿನ್ನಮತ ತಳೆದ ಮೂವರ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಕಳವಿನ ಸಂಶಯ ಬಲವಾಗಿದ್ದರೆ ಪೊಲೀಸರಿದ್ದರು. ಮಾಲೀಕನೇ ದೂರುದಾರನೂ ತನಿಖಾಧಿಕಾರಿಯೂ ಏಕಾಗಬೇಕು?

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ಮೀರಿತ್ತು! ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ ರಕ್ಷಣೆ. ಖಾಸಗಿ ಅಂಗಡಿಯ ನೌಕರನಿಗೆ ಅದರ ನೆರವು ನೇರವಾಗಿ ದೊರೆಯುವುದು ಕಷ್ಟ.

ಅವನಿಗಿರುವ ಆಸರೆ ಬೇರೆ ಕಾಯಿದೆಗಳು. ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣೊಬ್ಬಳು ಏಕಾಂತದಲ್ಲಿರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ; ಮೊದಲ ಬಾರಿಗೇ ಕನಿಷ್ಠ ಒಂದು ವರ್ಷದ ಶಿಕ್ಷೆ. ಗಲ್ಲಾಪೆಟ್ಟಿಗೆಯ ಮೇಲಿನ ಗುಪ್ತ ಕ್ಯಾಮೆರಾ ಇವೆರಡರಲ್ಲಿಯೂ ಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಾದರೋ, ಉದ್ಯೋಗದ ಕಾರಣಕ್ಕೆ, ಮಾಲೀಕನನ್ನು ನಷ್ಟದಿಂದ ಕಾಯುವ ಕಾರಣಕ್ಕೆ, ಒಪ್ಪಿಗೆ ಬೇಡವೆಂದು ವಿನಾಯಿತಿಯನ್ನೇ ಕೊಟ್ಟಿದೆ.

ಆದುದರಿಂದ ಅಂಗಡಿಯ ಯಜಮಾನರು ಕ್ಯಾಮೆರಾ ಇರುವ ಸಂಗತಿಯನ್ನು ಫಲಕದಲ್ಲಿ ಬರೆಸಿ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೇಳಿಬಿಡುವುದು ಒಳಿತು. ಚಿತ್ರವನ್ನು ಯಾರು ನೋಡುತ್ತಾರೆ, ಎಷ್ಟು ದಿನಗಳಲ್ಲಿ ಅಳಿಸುತ್ತಾರೆ ಎಂದು ನೌಕರರೂ ಕೇಳಿ ತಿಳಿಯಲಿ. ಉಡುಪು ಬದಲಾಯಿಸುವ ಕೋಣೆಯಲ್ಲಿ ಅಂಥ ಉಪಕರಣ ಕಣ್ಣಿಗೆ ಬಿದ್ದರೆ ಕಿತ್ತೆಸೆಯದೆ, ಇದ್ದಲ್ಲಿಯೇ ಬಿಟ್ಟು, ಕೂಡಲೆ ಪೊಲೀಸರನ್ನು ಕರೆಯಬೇಕು. ಅದರೊಳಗಿನ ಚಿತ್ರಗಳೇ ಸಾಕ್ಷ್ಯವಾಗುತ್ತವೆ.